ಜಾನ್ ಸ್ಮಿತ್‌ಗಳ ಗುಂಪಿನಲ್ಲಿ ನಮ್ಮವನು ಸಿಕ್ಕಿದ ಕಥೆ

ನನ್ನ ಹೆಂಡತಿ ಸ್ಕಾಟ್ಲೆಂಡ್‌ನ ಡಂಡೀ ಊರಿನವಳು. ಅವಳ ಅಜ್ಜಿಯ ಕಡೆಯವರು ಸ್ಮಿತ್. ಜಾನ್ ಸ್ಮಿತ್ ಅನ್ನೋ ಹೆಸರಿಟ್ಟುಕೊಂಡು ಸ್ಕಾಟ್ಲೆಂಡ್‌ನಲ್ಲಿ ವಂಶ ಹುಡುಕುತ್ತಾ ಹಿಂದಕ್ಕೆ ಹೋಗೋಕೆ ಆಗಲ್ಲ, ಸುಮ್ನೆ ದುಡ್ಡು ದಂಡ ಅಂತ ಭಾವಮೈದ ಹೇಳಿದ್ದ. ಲೈಬ್ರರಿಯಲ್ಲಿ ಸಿಕ್ಕ ಅನುಭವಿಗಳೂ ಅದನ್ನೇ ಹೇಳಿದ್ದರು.

ಮೊದಮೊದಲು ಅವರ ಮಾತೇ ನಿಜವಾಯಿತು. ಸ್ಕಾಟ್ಲೆಂಡ್ಸ್ ಪೀಪಲ್ ಅನ್ನೋ ಅಲ್ಲಿನ ಸರ್ಕಾರಿ ದಾಖಲೆಗಳ ವೆಬ್‌ಸೈಟ್‌ನಲ್ಲಿ ಜನನದ ಎಂಟ್ರಿಗಳನ್ನೇ ಒಂದೊಂದಾಗಿ ಕೊಂಡೆ. ಒಂದಕ್ಕೆ ಒಂದೂವರೆ ಪೌಂಡ್‌ನಂತೆ ಇಪ್ಪತ್ತಕ್ಕೂ ಜಾಸ್ತಿ. ಎಲ್ಲವೂ ಬೇರೆಯವರ ಮನೆಯ ಜಾನ್‌ಗಳು. ಆಮೇಲೆ ಒಬ್ಬರಿಗೆ ಸುಮಾರು 60 ಪೌಂಡ್ ಕೊಟ್ಟು ಹುಡುಕಿಸಿದೆ, ಅವರು ಗ್ಲಾಸ್ಗೋದ ಯಾವುದೋ ಸ್ಮಿತ್‌ನನ್ನು ತಂದು ಕೈಗಿಟ್ಟರು. ಅವತ್ತು ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಅಲ್ಲಿಂದ ಜನನ ಬಿಟ್ಟು ಮದುವೆ ಹಿಡಿದೆ. ಅಜ್ಜಿಯ ಅಪ್ಪ ಹುಟ್ಟಿದ್ದು 1884ರಲ್ಲಿ. ಅವನ ಎಂಟ್ರಿಯಲ್ಲೇ ಅಪ್ಪ ಅಮ್ಮನ ಮದುವೆಯ ದಿನ, ಊರು ಇತ್ತು: 1882, ಡಂಡೀ. ಆ ಮದುವೆಯ ಪುಟ ತೆರೆದಾಗ ಆದ ಖುಷಿ ಹೇಳತೀರದು. ವಧು ಸೆಣಬಿನ ಮಿಲ್ಲಿನಲ್ಲಿ ನೂಲುವವಳು, ಸಹಿಯ ಜಾಗದಲ್ಲಿ ಒಂದು ಓರೆ ಗುರುತು. ವರ ನಮ್ಮ ಜಾನ್, ಅವನ ಅಪ್ಪ ಕೈಮಗ್ಗದ ನೇಕಾರ. ವರನ ಅಮ್ಮನ ತವರಿನ ಹೆಸರು ಆಗಿಲ್ವಿ, ಪಕ್ಕದಲ್ಲೇ 'ತೀರಿಕೊಂಡಿದ್ದಾಳೆ' ಅಂತ ಬರೆದಿದೆ. ಅಪ್ಪನ ಹೆಸರಿನ ಪಕ್ಕ ಆ ಮಾತಿಲ್ಲ. ಇಂಗ್ಲೆಂಡ್‌ನ ಆಗಿನ ಮದುವೆ ಎಂಟ್ರಿಯಲ್ಲಿ ಅಮ್ಮನ ಹೆಸರೇ ಇರುತ್ತಿರಲಿಲ್ಲ, ಅಲ್ವಾ?

ಸ್ಮಿತ್ ಜೊತೆ ಆಗಿಲ್ವಿ ಸೇರಿಸಿ ಹುಡುಕಿದರೆ ಗುಂಪು ಕರಗಿ ಬೆರಳೆಣಿಕೆಗೆ ಬಂತು. ಆಗಿಲ್ವಿಯನ್ನು ನಾಲ್ಕೈದು ರೀತಿ ಬರೀತಿದ್ದರು. ಹುಡುಕುವಾಗ ಗೊತ್ತಿಲ್ಲದ ಅಕ್ಷರದ ಜಾಗಕ್ಕೆ ಹಾಕೋ ನಕ್ಷತ್ರದ ಗುರುತನ್ನು (*) ಯಾವ ಅಕ್ಷರದ ಬದಲು ಹಾಕಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮತ್ತೆ ದಾರಿ ಕಾಣದೆ ನಿಂತದ್ದು 1858ರ ಎಂಟ್ರಿಯಲ್ಲಿ. ವರ ಹುಟ್ಟಿದ ವರ್ಷ ಅದು. 1856ರಿಂದ 1860ರವರೆಗಿನ ಜನನದ ಎಂಟ್ರಿಗಳಲ್ಲಿ ಅಪ್ಪ ಅಮ್ಮನ ಮದುವೆಯ ವಿವರ ಇಲ್ಲ. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ 1863ರಲ್ಲಿ ಹುಟ್ಟಿದ ಅವನ ತಂಗಿಯ ಎಂಟ್ರಿ ಕೊಂಡೆ. ಅದರಲ್ಲಿತ್ತು: 1851, ಕಿರಿಮ್ಯೂರ್. ನೇಕಾರರ ಊರೇ ಅದು!

1851ರದ್ದು ಹಳೆಯ ಚರ್ಚಿನ ಪುಸ್ತಕ, ಗಂಡು ಹೆಣ್ಣಿನ ಹೆಸರು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೆ ವರನ ಅಪ್ಪ 1882ರ ಮದುವೆಯ ಹೊತ್ತಿಗೆ ಬದುಕಿದ್ದ, ಹಾಗಾಗಿ ಅವನ ಮರಣವನ್ನು ಅಲ್ಲಿಂದ ಈಚೆಗೆ ಮಾತ್ರ ಹುಡುಕಿದೆ. ಒಂದು ತಪ್ಪು, ಎರಡನೆಯದು ಸರಿ. ಅದರಲ್ಲಿ ಅವನ ಅಪ್ಪ ಅಮ್ಮ ಇಬ್ಬರೂ ಸಿಕ್ಕರು.

ನಡುವೆ ಇನ್ನೊಂದು ಕವಲಿಗೂ ಕೈ ಹಾಕಿದ್ದೆ. ಚರ್ಚಿನ ಪುಸ್ತಕಗಳಲ್ಲಿ ತಿಂಗಳುಗಟ್ಟಲೆ ಹುಡುಕಿದರೂ ಆ ಕವಲಿನ ಒಂದು ಜೋಡಿಯ ಮದುವೆ ಇಲ್ಲ. ಅವರು ಸಾಕ್ಷಿಗಳ ಮುಂದೆ ಮಾತು ಕೊಟ್ಟು, ಶೆರಿಫ್ ಅನ್ನೋ ಅಲ್ಲಿನ ನ್ಯಾಯಾಧೀಶರಿಂದ ವಾರಂಟ್ (ಒಪ್ಪಿಗೆಯ ಆದೇಶ) ಪಡೆದು ನೋಂದಾಯಿಸಿದ್ದರು. 1940ರವರೆಗೆ ಅಂಥ ಮದುವೆಯೂ ಕಾನೂನುಬದ್ಧವೇ.

ಮದುವೆ ಹಿಡಿದ ಮೇಲೆ ಸ್ಮಿತ್ ಕಡೆಗೆ ಆದ ಖರ್ಚು ಹತ್ತು ಪೌಂಡ್ ಆಸುಪಾಸು. ಆಗಲ್ಲ ಅಂದಿದ್ದ ಭಾವಮೈದ ಈಗ ಆ ಪುಟದ ಪ್ರಿಂಟ್ ಕೇಳಿ ತಗೊಂಡು ಹೋಗಿದ್ದಾನೆ. ನಾನು ಆಗಿಲ್ವಿ ಕಡೆ ಶುರು ಮಾಡಿದ್ದೇನೆ.