ಮಾಜಾಂಗ್ ಕಾಯಿ ಹಾಕಿ ಪ್ರಶ್ನೆ ಕೇಳುವುದು ಹೇಗೆ?

ಕಳೆದ ತಿಂಗಳು ಗೆಳತಿಯ ಮನೆಯಲ್ಲಿ ಮಾಜಾಂಗ್ ಎಂಬ ಚೀನೀ ಆಟದ ಕಾಯಿ ಹಾಕಿ ಭವಿಷ್ಯ ನೋಡುವ ಸಂಭ್ರಮ. ಒಬ್ಬರು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಟೀಪಾಯಿಯನ್ನೇ ಉತ್ತರಕ್ಕೆ ತಿರುಗಿಸುತ್ತಿದ್ದರು. ಇನ್ನೊಬ್ಬರು ಈಶಾನ್ಯದಲ್ಲಿ ಯಾವ ಕಾಯಿ ಇಡಬೇಕು ಎಂದು ಕೇಳುತ್ತಿದ್ದರು. ಮೂರನೆಯವರಿಗೆ ಬಂದ ಕಾಯಿ ಹಿಡಿಸಲಿಲ್ಲ, ಮತ್ತೊಂದು ಎತ್ತಿದರು. ಅದೂ ಹಿಡಿಸಲಿಲ್ಲ, ಇನ್ನೊಂದು. ಗಿಳಿಶಾಸ್ತ್ರದ ಗಿಳಿಯಾದರೂ ಒಂದೇ ಚೀಟಿ ಎತ್ತಿ ಗೂಡಿಗೆ ಹೋಗುತ್ತದೆ!

ಮೊದಲೇ ಹೇಳಿಬಿಡುತ್ತೇನೆ. ಇದು ಸಾವಿರಾರು ವರ್ಷಗಳ ವಿದ್ಯೆಯಲ್ಲ. ಮಾಜಾಂಗ್ ಆಟ ಚೀನಾದಲ್ಲಿ ರೂಪ ಪಡೆದದ್ದೇ 19ನೇ ಶತಮಾನದಲ್ಲಿ. ಕನ್‌ಫ್ಯೂಷಿಯಸ್ ಕಂಡುಹಿಡಿದ ಎಂದು ಡಬ್ಬದ ಮೇಲೆ ಬರೆದಿದ್ದರೆ ಅದು ಮಾರುವವರ ಮಾತು. ನಾನಂತೂ ಇದನ್ನು ಭವಿಷ್ಯ ಎನ್ನುವುದಿಲ್ಲ. ತಲೆಯಲ್ಲಿ ಗೋಜಲಾಗಿರುವುದನ್ನು ಮೇಜಿನ ಮೇಲೆ ಹರವಿಕೊಳ್ಳುವ ಒಂದು ದಾರಿ, ಅಷ್ಟೇ.

ಸೆಟ್ಟಿನಲ್ಲಿ 144 ಕಾಯಿ ಇರಬೇಕು. ದುಂಡು, ಬಿದಿರು, ವಾನ್ ಎಂಬ ಮೂರು ಬಗೆ. ಒಂದರಿಂದ ಒಂಬತ್ತರವರೆಗೆ, ಪ್ರತಿಯೊಂದೂ ನಾಲ್ಕು, ಅಲ್ಲಿಗೆ 108. ನಾಲ್ಕು ದಿಕ್ಕಿನ ಗಾಳಿ 16, ಕೆಂಪು, ಹಸಿರು, ಬಿಳಿ ಡ್ರ್ಯಾಗನ್ 12, ಹೂವು ನಾಲ್ಕು, ಋತು ನಾಲ್ಕು. ಅಮೆರಿಕದ ಸೆಟ್ಟಾದರೆ 8 ಜೋಕರ್ ಸೇರಿ 152 ಇರುತ್ತವೆ, ಜೋಕರ್ ಎತ್ತಿಡಿ. ಮೂಲೆಯಲ್ಲಿ ನಮಗೆ ಗೊತ್ತಿರುವ ಅಂಕಿ ಕೊರೆದಿರುವ ಸೆಟ್ಟನ್ನೇ ಕೊಳ್ಳಿ. ಚೀನೀ ಅಂಕಿ ಕಲಿತೇ ಶುರು ಮಾಡುತ್ತೇನೆ ಎಂದು ಹೊರಟವರು ವಾನ್ ಆರನ್ನು ಎಂಟು ಎಂದು ಓದಿದ್ದನ್ನು ನಾನೇ ಕಂಡಿದ್ದೇನೆ. ಕೊರೆಯದೆ ಬರೀ ಬಣ್ಣ ಹಚ್ಚಿರುವ ಅಗ್ಗದ ಸೆಟ್ಟು ಬೇಡವೇ ಬೇಡ. ಬಣ್ಣ ಬೆರಳಿಗೆ ಅಂಟುತ್ತದೆ. ಮೊಬೈಲಿನಲ್ಲಿ ಜೋಡಿ ಹುಡುಕುವ ‘ಮಾಜಾಂಗ್’ ಇದೆಯಲ್ಲ, ಅದು ಬೇರೆಯೇ ಆಟ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಮಿಕ್ಕ ಲಗ್ನಪತ್ರಿಕೆ ಕತ್ತರಿಸಿ ಕಾಯಿ ಮಾಡಿಕೊಳ್ಳಿ. ಎಲ್ಲವೂ ಒಂದೇ ಮದುವೆಯದ್ದಾಗಿರಲಿ, ಇಲ್ಲದಿದ್ದರೆ ಹಿಂಬದಿ ನೋಡಿಯೇ ಗುರುತು ಸಿಗುತ್ತದೆ.

ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ. ‘ಆಗುತ್ತಾ, ಇಲ್ವಾ’ ಎಂಬ ಪ್ರಶ್ನೆ ಬೇಡ. ಅದಕ್ಕೆ ನಾಣ್ಯ ಚಿಮ್ಮಿದರೆ ಸಾಕು.

ಕಾಯಿಗಳನ್ನೆಲ್ಲ ಬೋರಲು ಹಾಕಿ ಎರಡೂ ಅಂಗೈಯಿಂದ ಕಲೆಸಿ. ಚೀನೀ ಭಾಷೆಯಲ್ಲಿ ಇದಕ್ಕೆ ಕಾಯಿ ‘ತೊಳೆಯುವುದು’ ಎನ್ನುತ್ತಾರೆ. ಆಟದಲ್ಲಿ ಕಾಯಿ ಪೇರಿಸಿ ಕಟ್ಟುವ ಗೋಡೆ ಇಲ್ಲಿ ಬೇಕಿಲ್ಲ.

ಈಗ ಕಾಯಿ ಇಡುವುದು. ಎಲ್ಲರೂ ಎಡವುವುದು ಇಲ್ಲೇ. ಒಟ್ಟು ಐದು ಕಾಯಿ: ನಡುವೆ ಒಂದು, ನಾಲ್ಕು ಕಡೆ ನಾಲ್ಕು. ನಿಮ್ಮ ಮನೆಯ ಪೂರ್ವ ಯಾವ ಕಡೆ ಎಂದು ನೋಡಬೇಡಿ, ವಾಸ್ತುವಿಗೂ ಇದಕ್ಕೂ ಸಂಬಂಧವಿಲ್ಲ. ಮಾಜಾಂಗ್ ಮೇಜಿನಲ್ಲಿ ಆಟ ಶುರು ಮಾಡುವವರೇ ಪೂರ್ವ. ಅವರ ಬಲಗಡೆ ಕೂತವರು ದಕ್ಷಿಣ, ಎದುರಿಗಿರುವವರು ಪಶ್ಚಿಮ, ಎಡಗಡೆಯವರು ಉತ್ತರ. ನಿಜವಾಗಿ ಮೇಜಿನ ಪೂರ್ವಕ್ಕೆ ಕೂತು ಪಶ್ಚಿಮಕ್ಕೆ ಮುಖ ಮಾಡಿದರೆ ಬಲಗಡೆಗೆ ಉತ್ತರ ಬರಬೇಕು, ಅಲ್ವಾ? ಇಲ್ಲಿ ದಕ್ಷಿಣ ಬರುತ್ತದೆ. ಭೂಪಟ ನೋಡಿ ಇಟ್ಟವರ ಓದು ಅಲ್ಲಿಗೇ ತಲೆಕೆಳಗು.

ನೀವೇ ಪೂರ್ವ ಎಂದುಕೊಳ್ಳಿ. ಮೊದಲ ಕಾಯಿ ಎದೆಯ ಹತ್ತಿರ, ಎರಡನೆಯದು ಬಲಗೈ ಕಡೆ, ಮೂರನೆಯದು ಆಚೆ ತುದಿಗೆ, ನಾಲ್ಕನೆಯದು ಎಡಕ್ಕೆ, ಐದನೆಯದು ನಡುವೆ. ಚೀನೀಯರ ಲೆಕ್ಕದಲ್ಲಿ ಪೂರ್ವ ಎಂದರೆ ವಸಂತ. ಈಗಷ್ಟೇ ಚಿಗುರುತ್ತಿರುವ ಸಂಗತಿ. ದಕ್ಷಿಣ ಬೇಸಿಗೆ; ಎಲ್ಲರ ಕಣ್ಣಿಗೂ ಬಿದ್ದಿರುವುದು, ಕಾವೇರಿರುವುದು. ಪಶ್ಚಿಮ ಶರತ್ಕಾಲ, ಕೊಯ್ಲಿಗೆ ಬಂದದ್ದು, ಕೈಬಿಡಬೇಕಾದದ್ದು. ಉತ್ತರ ಚಳಿಗಾಲ, ಒಳಗೆ ಮುಚ್ಚಿಟ್ಟದ್ದು. ನಡುವಿನದು ಮಣ್ಣು, ಅಂದರೆ ನೀವು. ಬಲ ಎಡ ಅದಲುಬದಲಾದರೆ ಊರಿಗೆಲ್ಲ ಗೊತ್ತಿರುವ ಮಾತು ಗುಟ್ಟಾಗುತ್ತದೆ, ಗುಟ್ಟು ಬಯಲಾಗುತ್ತದೆ. ನಡುವಿನ ಕಾಯಿಯನ್ನು ಕೊನೆಗೇ ಅಂಗಾತ ಮಾಡಿ. ಮೊದಲು ತೆರೆದರೆ ಉಳಿದ ನಾಲ್ಕನ್ನೂ ಅದಕ್ಕೇ ಹೊಂದಿಸಿ ಓದುತ್ತೀರಿ.

ಹೂವೋ ಋತುವೋ ಬಂದರೆ ಅದನ್ನು ಆ ಜಾಗದಲ್ಲೇ ಬಿಡಬೇಡಿ. ಆಟದಲ್ಲಿ ಮಾಡುವಂತೆ ಪಕ್ಕಕ್ಕೆ ಸರಿಸಿ ಇನ್ನೊಂದು ಎತ್ತಿ. ಎರಡನೇ ಸಲ ಎತ್ತಲು ಇರುವ ಅನುಮತಿ ಇದೊಂದೇ. ಸರಿಸಿಟ್ಟ ಕಾಯಿ ಆ ದಿಕ್ಕಿಗೆ ಸಿಕ್ಕ ಆಸರೆ. ಪ್ಲಮ್ ಹೂವಿನ ಮೇಲೆ 1 ಎಂದಿರುತ್ತದೆ, ವಸಂತದ ಕಾಯಿಗೂ 1. ಹಾಗೆಂದು ಪ್ಲಮ್ಮನ್ನು ವಸಂತಕ್ಕೆ ಸೇರಿಸಬೇಡಿ. ಚೀನೀ ಚಿತ್ರಗಳಲ್ಲಿ ಅದು ಚಳಿಯಲ್ಲೇ ಅರಳುವ ಹೂವು. ಗಾಳಿಯ ಕಾಯಿ ತನ್ನದೇ ದಿಕ್ಕಿನಲ್ಲಿ ಬಿದ್ದರೆ ಅದರ ಮಾತಿಗೆ ತೂಕ ಜಾಸ್ತಿ.

ಓದುವುದಕ್ಕೆ ಅರ್ಥಗಳ ಉದ್ದದ ಪಟ್ಟಿ ಹಿಡಿದು ಕೂರಬೇಡಿ. ಮೂರು ಬಗೆಯೂ ಮೂಲದಲ್ಲಿ ದುಡ್ಡೇ. ದುಂಡು ಎಂದರೆ ಬಿಡಿ ನಾಣ್ಯ. ದಿನದ ಚಿಲ್ಲರೆ ಸಂಗತಿ. ಬಿದಿರು ಎಂದು ಕಾಣುವುದು ದಾರಕ್ಕೆ ಪೋಣಿಸಿದ ನಾಣ್ಯದ ಸರ, ನಂಟು, ಕಟ್ಟು. (ಒಂದನೇ ಬಿದಿರಿನಲ್ಲಿ ಹಕ್ಕಿ ಇರುತ್ತದೆ, ಹೂವಿನ ಗುಂಪಿಗೆ ಸೇರಿಸಿಬಿಡಬೇಡಿ.) ವಾನ್ ಎಂದರೆ ಹತ್ತು ಸಾವಿರ, ದೊಡ್ಡ ಲೆಕ್ಕ. ಕೆಂಪು ಡ್ರ್ಯಾಗನ್ ಮೇಲಿನ ಅಕ್ಷರಕ್ಕೆ ನಡು ಎಂದೂ ಗುರಿ ಮುಟ್ಟುವುದು ಎಂದೂ ಅರ್ಥ. ಹಸಿರಿನದು ಏಳಿಗೆ. ಬಿಳಿ ಖಾಲಿ ಹಲಗೆ. ಎಂಟರ ಉಚ್ಚಾರ ಏಳಿಗೆಯ ಮಾತಿಗೆ ಹತ್ತಿರ, ಒಂಬತ್ತಿನದು ಬಹುಕಾಲ ಬಾಳುವುದಕ್ಕೆ, ನಾಲ್ಕರದ್ದು ಸಾವಿಗೆ. ನಾಲ್ಕು ಎಂಬ ಈ ಅಂಕಿಯೇ ಜನರನ್ನು ಹೆದರಿಸುವುದು.

ಅಕ್ಕನ ಮಗಳಿಗೂ ಅದೇ ಆಯಿತು. ‘ಪುಣೆ ಕೆಲಸ ಸಿಗುತ್ತಾ’ ಎಂದು ಬಂದಿದ್ದಳು. ‘ಪುಣೆಗೆ ಹೋಗುವ ಮುಂಚೆ ಏನನ್ನು ಸರಿಮಾಡಿಕೊಳ್ಳಬೇಕು’ ಎಂದು ಬರೆಸಿದೆ. ಪೂರ್ವದಲ್ಲಿ ಬಿಳಿ ಡ್ರ್ಯಾಗನ್: ಹೊಸ ಊರು, ಏನೂ ಬರೆದಿಲ್ಲ. ದಕ್ಷಿಣದಲ್ಲಿ ವಾನ್ ಎಂಟು: ಎಲ್ಲರ ಬಾಯಲ್ಲೂ ಸಂಬಳದ ಮಾತೇ. ಪಶ್ಚಿಮದಲ್ಲಿ ಬಿದಿರು ಎರಡು; ನಾಲ್ಕು ವರ್ಷ ಜೊತೆಗಿದ್ದ ರೂಮ್‌ಮೇಟ್ ಹೆಸರು ಅವಳೇ ಹೇಳಿದಳು. ಉತ್ತರದಲ್ಲಿ ದುಂಡು ನಾಲ್ಕು.

‘ನಾಲ್ಕು ಅಂದ್ರೆ ಸಾವು ಅಲ್ವಾ ಚಿಕ್ಕಮ್ಮ?’

‘ದುಂಡು ಅಂದ್ರೆ ಚಿಲ್ಲರೆ ಕಣೇ. ಉತ್ತರ ಅಂದ್ರೆ ಮುಚ್ಚಿಟ್ಟದ್ದು. ಹೇಳೋಕೆ ಹೆದರಿ ಯಾವ ಸಣ್ಣ ಮಾತು ಮುಚ್ಚಿಟ್ಟಿದ್ದೀಯ?’

ಕಾಯಿಯನ್ನು ಬೆರಳಲ್ಲಿ ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ನೆ ಕೂತಳು. ‘ಅಮ್ಮನಿಗೆ ಇನ್ನೂ ಹೇಳಿಲ್ಲ’ ಎಂದಳು. ನಡುವಿನ ಕಾಯಿ ತೆರೆಯುವ ಮೊದಲೇ ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋದಳು. ನಾನೂ ಅದನ್ನು ತೆರೆಯಲಿಲ್ಲ.

ಒಂದು ಪ್ರಶ್ನೆಗೆ ಒಂದೇ ಸಲ. ಬೇಕಿದ್ದರೆ ಫೋಟೊ ತೆಗೆದಿಟ್ಟುಕೊಂಡು ವಾರದ ಮೇಲೆ ಅದೇ ಐದು ಕಾಯಿಗಳನ್ನು ಮತ್ತೆ ಓದಿ.

ಡಬ್ಬಕ್ಕೆ ಹಾಕುವಾಗ ಬಿಳಿ ಕಾಯಿಗಳನ್ನು ಎಣಿಸಿ. ನಾಲ್ಕೇ ಇರಬೇಕು. ಕಳೆದುಹೋದರೆ ಇರಲಿ ಎಂದು ಸೆಟ್ಟಿನ ಜೊತೆ ಒಂದೆರಡು ಖಾಲಿ ಕಾಯಿ ಕೊಡುತ್ತಾರೆ. ಚೌಕಟ್ಟು ಇಲ್ಲದ ಬಿಳಿ ಡ್ರ್ಯಾಗನ್‌ಗೂ ಅವಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ನಾನು ವರ್ಷವಿಡೀ ಆರು ಬಿಳಿ ಇಟ್ಟುಕೊಂಡು ‘ಎಲ್ಲರ ಬಾಳೂ ಯಾಕೆ ಇಷ್ಟು ಖಾಲಿ’ ಎಂದು ಯೋಚಿಸುತ್ತಿದ್ದೆ.