ಮುಳ್ಳಯ್ಯನಗಿರಿಗೆ ಸೈಕಲ್: ಕಷ್ಟ ಕೊಟ್ಟಿದ್ದು ಇಳಿಜಾರು

ಗಿರಿ ಹತ್ತಲು ಎರಡು ತಿಂಗಳು ತಯಾರಿ ಮಾಡಿದೆ. ಇಳಿಯಲು ಒಂದು ದಿನವೂ ಮಾಡಲಿಲ್ಲ. ಹಾಸನದಿಂದ ಹೊರಟ ಮೂರು ದಿನದ ಸೈಕಲ್ ಪ್ರವಾಸದಲ್ಲಿ ನಮಗೆ ತೊಂದರೆ ಆಗಿದ್ದೆಲ್ಲ ಇಳಿಜಾರಿನಲ್ಲೇ. ಹಾಗಾಗಿ ಹತ್ತಿದ ಕಥೆಯನ್ನು ಬೇಗ ಮುಗಿಸುತ್ತೇನೆ.

ಹೊರಟವರು ಇಬ್ಬರು. 46 ವರ್ಷದ ನಾನು, 22 ವರ್ಷದ ನನ್ನ ತಂಗಿ ಮಗ. ಇಬ್ಬರದ್ದೂ ಮೌಂಟೇನ್ ಬೈಕ್. 29 ಇಂಚಿನ ಚಕ್ರ, ಡಿಸ್ಕ್ ಬ್ರೇಕ್, ಸಸ್ಪೆನ್ಷನ್ ಮುಂದೆ ಮಾತ್ರ. ಜನವರಿಯನ್ನು ಬೇಕಂತಲೇ ಆರಿಸಿಕೊಂಡೆವು. ಮಳೆ ಇಲ್ಲ, ಜಿಗಣೆ ಇಲ್ಲ, ಬೆಳಗ್ಗೆ ಹಿತವಾದ ಚಳಿ. ಮೊದಲ ದಿನ ಬೇಲೂರಿನಲ್ಲಿ ತಿಂಡಿ ತಿಂದು, ಸುಮಾರು 60 ಕಿಲೋಮೀಟರ್ ಟಾರು ರಸ್ತೆ ತುಳಿದು ಚಿಕ್ಕಮಗಳೂರಿನ ಚಿಕ್ಕಮ್ಮನ ಮನೆ ಸೇರಿದೆವು.

ಎರಡನೇ ದಿನ ಕತ್ತಲಿರುವಾಗಲೇ ಹೊರಟೆವು. ಊರು ಇರುವುದು ಸುಮಾರು 1,100 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ. ಅಂದರೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ 800 ಮೀಟರಿಗೂ ಜಾಸ್ತಿ ಏರಬೇಕು. ಕೈಮರ ದಾಟಿದ ಮೇಲೆ ನಿಜವಾದ ಏರು ಶುರು. ನನ್ನ ಸೈಕಲ್ಲಿಗೆ ಮುಂದೆ 32 ಹಲ್ಲು, ಹಿಂದೆ ದೊಡ್ಡ ಗೇರಿನಲ್ಲಿ 51 ಹಲ್ಲು. ಆ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಒಂದೂವರೆ ಮೀಟರ್ ಕೂಡ ಮುಂದೆ ಹೋಗುವುದಿಲ್ಲ. ನಡೆಯುವವರಿಗಿಂತ ಸ್ವಲ್ಪ ಜೋರು, ಅಷ್ಟೆ. ಆದರೆ ಮಂಡಿ ನೋಯುವುದಿಲ್ಲ. ಮಾತಾಡಲು ಉಸಿರು ಉಳಿಯುವಷ್ಟು ನಿಧಾನಕ್ಕೆ ತುಳಿದರೆ ಸಾಕು. ಜೇಬಿನಲ್ಲಿ ಕಡಲೆ ಮಿಠಾಯಿ, ಬಾಟಲಿಯಲ್ಲಿ ಉಪ್ಪು ಹಾಕಿದ ನಿಂಬೆ ನೀರು. ಸೀತಾಳಯ್ಯನಗಿರಿ ಆದ ಮೇಲಿನ ಕಿರಿದಾದ ರಸ್ತೆಯೇ ಎಲ್ಲಕ್ಕಿಂತ ಕಡಿದು. ಅಲ್ಲಿ ಎರಡು ಸಲ ಇಳಿದು ತಳ್ಳಿದೆ. ಈಗ ಗಿರಿಗೆ ಹೋಗುವ ವಾಹನಗಳಿಗೆ ಮೊದಲೇ ಆನ್‌ಲೈನ್ ಬುಕಿಂಗ್ ಬೇಕು. ಸೈಕಲ್ ಆದರೂ ಹಿಂದಿನ ದಿನವೇ ವಿಚಾರಿಸಿಕೊಂಡು ಹೋಗಿ.

ಸೈಕಲ್ಲಿಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ, ಮುಳ್ಳಪ್ಪ ಸ್ವಾಮಿಯ ಗುಡಿಯ ಹತ್ತಿರ ಗಾಳಿಗೆ ಮೈಯೊಡ್ಡಿ ಕೂತೆವು. ಕೆಳಗೆ ಏಣಿನ ಮೇಲೆ ಕಾಲುದಾರಿ ಹಾವಿನ ಹಾಗೆ ಕಾಣುತ್ತಿತ್ತು.

"ದೊಡ್ಡಮ್ಮ, ಅದರಲ್ಲೇ ಸೈಕಲ್ ಇಳಿಸೋಣ್ವಾ?" ಅಂದ ಹುಡುಗ.

ನನಗೂ ಆಸೆ ಆಗಲಿಲ್ಲ ಅಂತಲ್ಲ. ಆದರೂ ಬೇಡ ಅಂದೆ. ಆ ಗುಡ್ಡದ ಮೇಲಿನ ಮಣ್ಣು ತೆಳ್ಳಗಿದೆ, ಅದನ್ನು ಹಿಡಿದಿರುವುದು ಹುಲ್ಲಿನ ಬೇರು. ಬ್ರೇಕ್ ಹಿಡಿದ ಟೈರು ಹುಲ್ಲನ್ನು ಕಿತ್ತುಕೊಂಡೇ ಇಳಿಯುತ್ತದೆ. ಹಾಗೆ ಬಿದ್ದ ಗೆರೆಯಲ್ಲಿ ಮುಂದಿನ ಮಳೆಗಾಲದ ನೀರು ಹರಿಯುತ್ತದೆ. ಎರಡು ಮೂರು ಮಳೆಗಾಲಕ್ಕೆ ಆ ಗೆರೆ ಕೊರಕಲಾಗುತ್ತದೆ. ಗಾಡಿ ಹತ್ತಿಸಿದ ಜಾಗದಲ್ಲಿ ಕೆಂಪು ಮಣ್ಣು ಬಾಯಿ ತೆರೆದಿರುವುದನ್ನು ದಾರಿಯಲ್ಲೇ ಅವನಿಗೆ ತೋರಿಸಿದ್ದೆ. ಈ ಹುಲ್ಲು, ಅದರ ಮಡಿಲಿನ ಕಣಿವೆಗಳಲ್ಲಿ ಗಿಡ್ಡ ಮರಗಳು ದಟ್ಟವಾಗಿ ಬೆಳೆದ ಶೋಲಾ ಕಾಡು ಎರಡೂ ಸೇರಿಯೇ ಮಳೆ ನೀರನ್ನು ಹಿಡಿದಿಟ್ಟು ಕೆಳಗಿನ ಹಳ್ಳಗಳಿಗೆ ಬಿಡುವುದು. ಅದರ ಮೇಲೆ ಚಕ್ರ ಓಡಿಸಲು ನನಗೆ ಮನಸ್ಸು ಬರುವುದಿಲ್ಲ. ಟಾರು ರಸ್ತೆಯಲ್ಲೇ ಇಳಿದೆವು.

ಅಲ್ಲೇ ಮೊದಲ ಪಾಠ ಆಯಿತು. ನಾಲ್ಕೈದು ತಿರುವು ಆಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಹುಡುಗ ಹೆದರಿಕೆಗೆ ಹಿಂದಿನ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡೇ ಬಂದಿದ್ದ. ನಿಲ್ಲಿಸಿ ನೋಡಿದರೆ ಡಿಸ್ಕ್ ಅಂಚು ನೀಲಿಗೆ ತಿರುಗಿದೆ. ಲಿವರ್ ಒತ್ತಿದರೆ ಕಿರ್ ಅನ್ನುತ್ತದೆ, ಹಿಡಿತ ಇಲ್ಲ.

"ನೀರು ಹಾಕಲಾ?" ಅಂತ ಬಾಟಲಿ ತೆಗೆದ. ಬೇಡ ಅಂತ ಕೈ ಹಿಡಿದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು. ಅರ್ಧ ಗಂಟೆ ಸುಮ್ನೆ ಕೂತು ತಾನಾಗೇ ಆರಲು ಬಿಟ್ಟೆವು. ಆಮೇಲೆ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಬಿಚ್ಚಿದೆ. ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಬ್ಯಾಗಿನಲ್ಲಿದ್ದ ಸ್ಯಾಂಡ್ ಪೇಪರಿನಿಂದ ಆ ಹೊಳಪು ಹೋಗುವ ತನಕ ತಿಕ್ಕಿ ಮತ್ತೆ ಹಾಕಿದೆ. ಉಳಿದ ದಾರಿಗೆ ಅವನಿಗೆ ಒಂದೇ ಮಾತು ಹೇಳಿದ್ದು: ತಿರುವಿಗೆ ಮುಂಚೆ, ಸೈಕಲ್ ನೇರ ಇರುವಾಗಲೇ ಎರಡೂ ಬ್ರೇಕ್ ಒಟ್ಟಿಗೆ ಗಟ್ಟಿಯಾಗಿ ಹಿಡಿ, ವೇಗ ಇಳಿದ ಮೇಲೆ ಪೂರ್ತಿ ಬಿಡು. ಬಿಟ್ಟಾಗಲೇ ಅಲ್ವಾ ಡಿಸ್ಕಿಗೆ ಗಾಳಿ ತಾಗುವುದು?

ಮೂರನೇ ದಿನ ನಾನು ಕಾದಿದ್ದ ದಿನ. ಚಿಕ್ಕಮ್ಮನಿಗೆ ಪರಿಚಯದವರ ಕಾಫಿ ತೋಟ, ಗುಡ್ಡದ ಬುಡದಲ್ಲಿ. ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದೆವು. ಪಿಕಪ್ ಬರುವ ಹೊತ್ತು ಯಾವುದು, ಯಾವ ಕಡೆ ಹಣ್ಣು ಕೊಯ್ಯುತ್ತಿದ್ದಾರೆ ಅಂತ ತೋಟದ ಲೆಕ್ಕ ನೋಡುವ ರೈಟರ್ ಹೇಳಿ, ಗೇಟು ತೆಗೆದರು. ಟೈರಿನ ಗಾಳಿ ಇಳಿಸಿದೆ. ಟಾರಿನಲ್ಲಿ ಗಾಳಿಯ ಒತ್ತಡ 35 ಪಿಎಸ್‌ಐ ಇತ್ತು, ಇಲ್ಲಿ ಮುಂದೆ 22, ಹಿಂದೆ 25. ನನ್ನ ತೂಕ 62 ಕೆಜಿ, ಟೈರು ಟ್ಯೂಬ್‌ಲೆಸ್. ಜಾಸ್ತಿ ತೂಕ ಇದ್ದರೆ ಅಥವಾ ಒಳಗೆ ಟ್ಯೂಬ್ ಇದ್ದರೆ ಇನ್ನಷ್ಟು ಗಾಳಿ ಬೇಕು. ಇಲ್ಲದಿದ್ದರೆ ಕಲ್ಲಿಗೆ ರಿಮ್ ಬಡಿದು ಟ್ಯೂಬ್ ತೂತಾಗುತ್ತದೆ. ಸೀಟನ್ನೂ ನಾಲ್ಕು ಬೆರಳು ಇಳಿಸಿದೆ.

ಜೀಪ್ ದಾರಿಯಲ್ಲಿ ಎರಡು ಜಾಡು, ನಡುವೆ ಹುಲ್ಲಿನ ದಿಬ್ಬ. ಮೇಲೆಲ್ಲ ಸಿಲ್ವರ್ ಓಕ್ ಎಲೆ. ಒಣಗಿದ ಆ ಎಲೆ ಕೆಳಗಿನ ಕಲ್ಲು, ಬೇರು ಎಲ್ಲವನ್ನೂ ಮುಚ್ಚಿಬಿಡುತ್ತದೆ, ಜಾರುತ್ತದೆ ಬೇರೆ. ಪೆಡಲ್ ಮೇಲೆ ಎದ್ದು ನಿಂತು, ಹಿಮ್ಮಡಿ ಕೆಳಗೆ ಒತ್ತಿ, ಮೊಣಕೈ ಮಡಚಿ ಇಳಿಯುತ್ತಿದ್ದೆ. ಚೆನ್ನಾಗೇ ಹೋಗುತ್ತಿತ್ತು. ಎಡ ಜಾಡಿನಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲೊಂದು ಕಂಡಿತು. ಗಾಬರಿಯಲ್ಲಿ ಬಲ ಜಾಡಿಗೆ ಹೋಗಲು ಹ್ಯಾಂಡಲ್ ತಿರುಗಿಸಿ, ಮುಂದಿನ ಬ್ರೇಕನ್ನೂ ಹಿಡಿದೆ. ಮೈ ಬಲಕ್ಕೆ ಬಂತು, ಚಕ್ರ ಬರಲಿಲ್ಲ. ಅದು ದಿಬ್ಬದ ಅಂಚನ್ನು ಉಜ್ಜಿಕೊಂಡು ಜಾಡಿನಲ್ಲೇ ಜಾರಿತು. ಬಲಕ್ಕೆ ಬಿದ್ದೆ.

ಗ್ಲೌಸ್ ಇದ್ದಿದ್ದರಿಂದ ಅಂಗೈ ಉಳಿಯಿತು, ಮೊಣಕೈ ತರಚಿತು. ಆದರೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೇಲರ್ ಒಳಗೆ ವಾಲಿತ್ತು. ಹಾಗೇ ದೊಡ್ಡ ಗೇರಿಗೆ ಹಾಕಿದ್ದರೆ ಕಡ್ಡಿಗೆ ಸಿಕ್ಕಿ ಚಕ್ರವೇ ಹಾಳಾಗುತ್ತಿತ್ತು. ತಳ್ಳಿಕೊಂಡು ಕಾಫಿ ಒಣಗಿಸುವ ಕಣಕ್ಕೆ ಬಂದೆವು. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಬೆರಳುದ್ದದ ಅಲ್ಯೂಮಿನಿಯಂ ತುಂಡು ಇದೆಯಲ್ಲ, ಹ್ಯಾಂಗರ್, ಅದು ಬಾಗಿತ್ತು. ಬಿದ್ದಾಗ ಫ್ರೇಮ್ ಉಳಿಯಲಿ, ತಾನು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಒಂದು ಸೈಕಲ್ಲಿನದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ನಿಮ್ಮ ಸೈಕಲ್ಲಿನದ್ದೇ ಒಂದನ್ನು ಮೊದಲೇ ತರಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ನನ್ನ ಹತ್ತಿರ ಇತ್ತು. ಚಕ್ರ ಬಿಚ್ಚಿ, ಅಲೆನ್ ಕೀಯಿಂದ ಹಳೆಯದು ತೆಗೆದು ಹೊಸದು ಕೂರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸೊಬ್ಬರು ಬೆಲ್ಲದ ಕಾಫಿ ತಂದು, "ಮೊದ್ಲು ಕುಡೀರಿ ಅಕ್ಕಾ, ಕೈ ನಡುಗ್ತಿದೆ" ಅಂದರು. ನಿಜ, ನಡುಗುತ್ತಿತ್ತು.

ಕುಡಿದು, ಗೇರು ಸರಿಯಾಗಿ ಕೂರುತ್ತಿದೆಯಾ ನೋಡಿ, ಸೈಕಲ್ಲನ್ನು ಮತ್ತೆ ಮೇಲಕ್ಕೆ ತಳ್ಳಿದೆ. ಹುಡುಗ ಕಲ್ಲಿನ ಪಕ್ಕ ನಿಂತ. ಈ ಸಲ ಎಡ ಜಾಡು ಬಿಡಲಿಲ್ಲ. ಕಲ್ಲಿಗೆ ಮುಂಚೆ ವೇಗ ಇಳಿಸಿ, ಬ್ರೇಕ್ ಪೂರ್ತಿ ಬಿಟ್ಟು, ಕಣ್ಣನ್ನು ಕಲ್ಲಿನ ಆಚೆಗೆ ಇಟ್ಟೆ. ಮುಂದಿನ ಚಕ್ರ ಎದ್ದು ಇಳಿಯಿತು, ಹಿಂದಿನದ್ದೂ ಹಾಗೇ ಬಂತು.

"ನಾನು ಒಂದ್ಸಲ, ದೊಡ್ಡಮ್ಮ" ಅಂತ ಅವನು ಸೈಕಲ್ ತೆಗೆದುಕೊಂಡು ಮೇಲೆ ಓಡಿದ.