9.3×62 ತೋಟೆಗೆ ಮೊದಲು ಗುಂಡು, ಆಮೇಲೆ ಮದ್ದು

ಬೇಟೆಯ ತೋಟೆಗಳನ್ನು ನಾನು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ನನ್ನ 9.3×62 ರೈಫಲ್ ಕೈಗೆ ಬಂದಾಗ ಮನೆಯಲ್ಲಿ ಅರ್ಧ ಡಬ್ಬಿ ಮದ್ದು ಉಳಿದಿತ್ತು. 30-06 ಅನ್ನುವ ಇನ್ನೊಂದು ತೋಟೆಗೆ ಅಂತ ತಂದಿದ್ದು. 4350 ಜಾತಿಯದು, ನಿಧಾನವಾಗಿ ಉರಿಯುವಂಥದ್ದು. ಎರಡೂ ತೋಟೆಗಳ ಕೇಸು (ಮದ್ದು ತುಂಬುವ ಹಿತ್ತಾಳೆ ಕೊಳವೆ) ಗಾತ್ರದಲ್ಲಿ ಹತ್ತಿರ ಹತ್ತಿರ ಇವೆ, ಇದೇ ಸಾಕು ಅಂದುಕೊಂಡೆ. ಆಮೇಲೆ ಹಗುರವಾದ 232 ಗ್ರೇನ್, ಅಂದರೆ ಸುಮಾರು 15 ಗ್ರಾಮಿನ, ಗುಂಡು ತಂದೆ. ಕೇಸಿನ ಕತ್ತಿನ ಹತ್ತಿರದವರೆಗೆ ಮದ್ದು ತುಂಬಿದರೂ ವೇಗ ಬರಲಿಲ್ಲ. ಹೊಡೆದ ಕೇಸಿನ ಕತ್ತಿನ ತುಂಬ ಮಸಿ. ನಳಿಗೆಯಲ್ಲಿ ಉರಿಯದೆ ಉಳಿದ ಮದ್ದಿನ ಕಾಳು. ಅಂದರೆ ಒತ್ತಡವೇ ಸರಿಯಾಗಿ ಏಳಲಿಲ್ಲ.

ನಾನು ಹಿಂದುಮುಂದಾಗಿ ಹೊರಟಿದ್ದೆ. ಮೊದಲು ಯಾವ ಪ್ರಾಣಿ, ಎಷ್ಟು ದೂರ ಅಂತ ನೋಡಬೇಕು. ಅದಕ್ಕೆ ತಕ್ಕ ಗುಂಡು ಆರಿಸಬೇಕು. ಆ ಗುಂಡಿಗೆ ಹೊಂದುವ ಮದ್ದು ಕೊನೆಗೆ ಬರುತ್ತದೆ.

ಈ ತೋಟೆಯನ್ನು ಬರ್ಲಿನ್‌ನ ಕೋವಿ ತಯಾರಕ ಓಟೋ ಬಾಕ್ 1905ರಲ್ಲಿ ರೂಪಿಸಿದರು. ಸಾಮಾನ್ಯ ಮೌಸರ್ 98 ರೈಫಲ್ಲಿಗೆ ಹಿಡಿಸಬೇಕು, ಆಫ್ರಿಕಾದ ದೊಡ್ಡ ಪ್ರಾಣಿಗಳಿಗೂ ಸಾಲಬೇಕು, ಅದು ಅವರ ಲೆಕ್ಕ. ಗುಂಡಿನ ಅಡ್ಡಳತೆ 0.366 ಇಂಚು. ಜಾಸ್ತಿ ಸಿಗುವ ತೂಕಗಳು ಮೂರು: 232, 250, 286 ಗ್ರೇನ್. ಗ್ರಾಮಿನಲ್ಲಿ ಹೇಳಿದರೆ ಸುಮಾರು 15, 16.2 ಮತ್ತು 18.5.

ಹೊಸಬರು ಇಲ್ಲಿ ವೇಗಕ್ಕೆ ಮರುಳಾಗುತ್ತಾರೆ. ಹಗುರವಾದದ್ದು ವೇಗವಾಗಿ ಹೋಗುತ್ತದೆ, ಅದೇ ಒಳ್ಳೆಯದು ಅಲ್ವಾ ಅಂತ. ಸ್ವಲ್ಪ ಲೆಕ್ಕ ಹಾಕಿ ನೋಡಿ. 286 ಗ್ರೇನ್ ಗುಂಡು ಸೆಕೆಂಡಿಗೆ 720 ಮೀಟರ್ ಹೊರಟರೆ ನಳಿಗೆಯ ಬಾಯಲ್ಲಿ ಸುಮಾರು 4,800 ಜೂಲ್ ಶಕ್ತಿ. 232 ಗ್ರೇನ್ ಗುಂಡು 800 ಮೀಟರ್ ಹೊರಟರೂ ಅಷ್ಟೇ. ಇನ್ನು ಇಳಿತ. 100 ಮೀಟರಿಗೆ ಗುರಿ ಕೂರಿಸಿ 200 ಮೀಟರಿನಲ್ಲಿ ಹೊಡೆದರೆ ಭಾರದ ಗುಂಡು ಹೆಚ್ಚು ಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ಹಗುರದ್ದು ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಮೇಲೆ, ಅಷ್ಟೇ. ನಾನು ಪೊದೆಗಾಡಿನಲ್ಲಿ 120 ಮೀಟರಿಗಿಂತ ದೂರ ಹೊಡೆದದ್ದೇ ಕಡಿಮೆ. ಅಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಲೆಕ್ಕಕ್ಕೆ ಬರುವುದು ಗುಂಡು ಎಷ್ಟು ಆಳ ಹೋಗುತ್ತದೆ, ಒಳಗೆ ಹೇಗೆ ಅರಳುತ್ತದೆ ಅನ್ನುವುದು. ಪೌಂಡಿನ ತೂಕವನ್ನು ಇಂಚಿನ ಅಡ್ಡಳತೆಯ ವರ್ಗದಿಂದ ಭಾಗಿಸಿ ಬರುವ ಒಂದು ಅಂಕಿ ಇದೆ, ಸೆಕ್ಷನಲ್ ಡೆನ್ಸಿಟಿ ಅನ್ನುತ್ತಾರೆ. 286ಕ್ಕೆ ಅದು 0.305, 250ಕ್ಕೆ 0.267, 232ಕ್ಕೆ 0.247. ಒಂದೇ ಥರ ಕಟ್ಟಿದ ಗುಂಡುಗಳಲ್ಲಿ ಈ ಅಂಕಿ ಜಾಸ್ತಿ ಇದ್ದದ್ದು ಆಳಕ್ಕೆ ಹೋಗುತ್ತದೆ. ಆದರೆ ಕಟ್ಟಿದ ರೀತಿ ಬೇರೆಯಾದರೆ ಈ ಅಂಕಿಯನ್ನು ಮಾತ್ರ ನಂಬಬೇಡಿ.

ಇದು ನನಗೆ ಒಂದು ಹಂದಿಯಿಂದ ಗೊತ್ತಾಯಿತು. ಮೂವತ್ತು ಹೆಜ್ಜೆ ದೂರ. ತೆಳು ತಾಮ್ರದ ಹೊದಿಕೆಯ, ಮೆದು ಸೀಸದ 232 ಗ್ರೇನ್ ಗುಂಡು. ಭುಜದ ಮೂಳೆಗೆ ಬಡಿದು ಅಲ್ಲೇ ಪುಡಿಯಾಯಿತು. ಹಂದಿ ಬೀಳಲಿಲ್ಲ, ಎರಡನೇ ಈಡು ಹೊಡೆಯಬೇಕಾಯಿತು. ಆಮೇಲೆ ಸಿಕ್ಕ ದೊಡ್ಡ ಚೂರನ್ನು ತೂಗಿದರೆ 90 ಗ್ರೇನ್ ಕೂಡ ಇರಲಿಲ್ಲ. ಆ ಎರಡು ಈಡುಗಳ ನಡುವಿನ ಹೊತ್ತನ್ನು ನಾನು ಮರೆತಿಲ್ಲ. ಪ್ರಾಣಿ ನರಳಬಾರದು. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಹಾಗಾಗಿ ನನ್ನ ಆಯ್ಕೆ ಹೀಗಿದೆ. ಮೆದು ಸೀಸದ ಗುಂಡಾದರೆ 286. ಇದು ಮೆಲ್ಲಗೆ ಹೋಗುತ್ತದೆ, ಒಡೆಯುವುದು ಕಡಿಮೆ. ಸೀಸವನ್ನು ಹೊದಿಕೆಗೆ ಬೆಸೆದ ಗುಂಡು, ಇಲ್ಲವೇ ನಡುವೆ ತಾಮ್ರದ ಗೋಡೆ ಇರುವ ನಾಸ್ಲರ್ ಪಾರ್ಟಿಷನ್ ಥರದ್ದಾದರೆ 250 ಕೂಡ ಧೈರ್ಯವಾಗಿ ಹಾಕಬಹುದು. ಪೂರ್ತಿ ತಾಮ್ರದ ಗುಂಡಾದರೆ ತೂಕ ಇನ್ನೂ ಇಳಿಸಿ. ಅದು ಒಳಗೆ ಹೋದ ಮೇಲೂ ತನ್ನ ತೂಕ ಬಿಟ್ಟುಕೊಡುವುದಿಲ್ಲ. ಇನ್ನೊಂದು ಕಾರಣವೂ ಇದೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದವಾದ ಗುಂಡು ಕೇಸಿನೊಳಗೆ ಇಳಿದು ಮದ್ದಿನ ಜಾಗ ತಿನ್ನುತ್ತದೆ. ಹಾಗಾಗಿ ಸೀಸದ ಗುಂಡಿಗೆ ಬರೆದ ಮದ್ದಿನ ಅಳತೆಯನ್ನು ತಾಮ್ರದ ಗುಂಡಿಗೆ ಯಾವತ್ತೂ ಹಾಕಬೇಡಿ.

ಈಗ ಮದ್ದು. ನನ್ನ ಅರ್ಧ ಡಬ್ಬಿ ಯಾಕೆ ಕೆಲಸ ಮಾಡಲಿಲ್ಲ? 9.3ರ ಗುಂಡಿನ ಹಿಂಭಾಗದ ವಿಸ್ತೀರ್ಣ 30-06ರದ್ದಕ್ಕಿಂತ ಸುಮಾರು 40 ಶೇಕಡ ಜಾಸ್ತಿ. ಗುಂಡು ಒಂದು ಇಂಚು ಮುಂದೆ ಹೋದರೆ ಅದರ ಹಿಂದೆ ಅಷ್ಟು ಜಾಸ್ತಿ ಜಾಗ ತೆರೆದುಕೊಳ್ಳುತ್ತದೆ. ನಿಧಾನದ ಮದ್ದು ಆ ಜಾಗವನ್ನು ಬೇಗ ತುಂಬಲಾರದು. ಅದಕ್ಕೇ ಇಲ್ಲಿ ಇನ್ನೊಂದು ಮೆಟ್ಟಿಲು ಚುರುಕಾದದ್ದು ಬೇಕು. ವಾರ್ಗೆಟ್, ರಿಲೋಡರ್ 15, ಐಎಂಆರ್ 4064, ವಿಹ್ಟಾವುವೊರಿ ಎನ್140 ಈ ಸಾಲಿನವು. ಗುಂಡು ಭಾರವಾದಷ್ಟೂ ಈ ಸಾಲಿನಲ್ಲಿ ಸ್ವಲ್ಪ ನಿಧಾನದ ಕಡೆ ಸರಿಯಬಹುದು. ಗುಂಡು ಜಾಗ ಬಿಡಲು ಹೊತ್ತು ತಗೊಳ್ಳುವುದರಿಂದ ಮದ್ದಿಗೂ ಹೊತ್ತು ಸಿಗುತ್ತದೆ.

ಎರಡು ಮದ್ದುಗಳ ನಡುವೆ ಆರಿಸುವಾಗ, ಪುಸ್ತಕದ ಅಳತೆಗೆ ಕೇಸನ್ನು ಹೆಚ್ಚು ತುಂಬುವುದನ್ನೇ ನಾನು ಎತ್ತಿಕೊಳ್ಳುತ್ತೇನೆ. ಖಾಲಿ ಜಾಗ ಕಡಿಮೆಯಾದರೆ ಮದ್ದು ಒಳಗೆ ಅತ್ತಿತ್ತ ಸರಿಯುವುದಿಲ್ಲ, ವೇಗ ಒಂದೇ ಸಮ ಬರುತ್ತದೆ. ಮತ್ತೆ ಬಿಸಿಲಿಗೆ ಹೆದರದ ಮದ್ದು ನೋಡಿ. ಚಳಿಗಾಲದ ಬೆಳಗ್ಗೆ ಹದ ಮಾಡಿದ ಒಂದು ತೋಟೆಯನ್ನು ನಾನು ಸುಡುಬಿಸಿಲಲ್ಲಿ ಹೊಡೆದೆ. ಬಿಸಿಗೆ ಒತ್ತಡ ಏರಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎತ್ತಲು ಅಂಗೈಯಿಂದ ಗುದ್ದಬೇಕಾಯಿತು. ಮಿಕ್ಕ ಹದಿನಾರು ತೋಟೆಗಳನ್ನು ಮನೆಗೆ ತಂದು ಬಿಚ್ಚಿಬಿಟ್ಟೆ.

ಅಳತೆಯ ಅಂಕಿ ನಾನು ಇಲ್ಲಿ ಕೊಡುವುದಿಲ್ಲ, ಬೇಕೆಂದೇ. ಮದ್ದು ಅಥವಾ ಗುಂಡು ಮಾಡುವವರ ಈಗಿನ ಪುಸ್ತಕ ತೆಗೆಯಿರಿ. ನಿಮ್ಮದೇ ಗುಂಡು, ನಿಮ್ಮದೇ ಮದ್ದು ಇರುವ ಸಾಲು ಹುಡುಕಿ. ಅದರ ಕೆಳಗಿನ ಅಳತೆಯಿಂದ ಶುರು ಮಾಡಿ, ಅರ್ಧರ್ಧ ಗ್ರೇನ್ ಏರಿಸಿ, ಪ್ರತಿ ಹಂತಕ್ಕೂ ಮೂರು ಈಡು. ಹೆಸರನ್ನು ಎರಡು ಸಲ ಓದಿ. ಎಚ್4350 ಬೇರೆ, ಐಎಂಆರ್ 4350 ಬೇರೆ. ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ. ಪ್ರೈಮರ್ (ಕೇಸಿನ ತಳದಲ್ಲಿ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಬದಲಾದರೂ, ಕೇಸಿನ ಕಂಪನಿ ಬದಲಾದರೂ ಮತ್ತೆ ಕೆಳಗಿನಿಂದಲೇ ಹೊರಡಿ.

ವೇಗ ಅಳೆಯುವ ಕ್ರೋನೋಗ್ರಾಫ್ ಖಂಡಿತ ಇಟ್ಟುಕೊಳ್ಳಿ. ಪ್ರೈಮರ್ ಚಪ್ಪಟೆಯಾಗುವುದು, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬೀಳುವುದು, ಬೋಲ್ಟ್ ಬಿಗಿಯಾಗುವುದು, ಇವೆಲ್ಲ ಕಾಣುವ ಹೊತ್ತಿಗೆ ಒತ್ತಡ ಆಗಲೇ ಮಿತಿ ದಾಟಿರುತ್ತದೆ. ವೇಗ ಮೊದಲೇ ಹೇಳುತ್ತದೆ. ನಿಮ್ಮ ನಳಿಗೆ ಪುಸ್ತಕದವರ ನಳಿಗೆಯಷ್ಟೇ ಉದ್ದವಿದ್ದು, ಕೊನೆಯ ಅಳತೆಗೆ ಮುಂಚೆಯೇ ಪುಸ್ತಕದ ಕೊನೆಯ ವೇಗ ಬಂದರೆ ಅಲ್ಲೇ ನಿಲ್ಲಿಸಿ.

ನನ್ನ ರೈಫಲ್ ಈಗ 286 ಗ್ರೇನ್ ಪಾರ್ಟಿಷನ್ ಹೊಡೆಯುತ್ತದೆ, ಸೆಕೆಂಡಿಗೆ 705 ಮೀಟರ್. ಪುಸ್ತಕ ಇನ್ನೂ ಸ್ವಲ್ಪ ಏರಿಸಲು ಬಿಡುತ್ತದೆ. ಆದರೆ ಈ ಅಳತೆಯಲ್ಲಿ ಮೂರು ಈಡುಗಳೂ 100 ಮೀಟರಿನಲ್ಲಿ ಎರಡು ಬೆರಳಗಲದೊಳಗೆ ಕೂರುತ್ತವೆ, ಒದೆತವೂ ಭುಜ ತಡೆಯುವಷ್ಟಿದೆ. ಆ ಹಳೆಯ ಅರ್ಧ ಡಬ್ಬಿ 30-06ಕ್ಕೇ ವಾಪಸ್ ಹೋಯಿತು.